ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಹೊಸ ಕಂಪ್ಯೂಟರ್ ಕೊಳ್ಳೋಕಾಗಲ್ಲ, ದಾರಿ ಹೇಳಿ

ಹಳೇಪೆಟ್ಟಿಗೆ:
ನಿನ್ನೆ ರಾತ್ರಿವರೆಗೂ ಚೆನ್ನಾಗಿದ್ದ ಡೆಸ್ಕ್‌ಟಾಪ್ ಬೆಳಿಗ್ಗೆಯಿಂದ ಡೆಡ್. ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’. ಕೇಬಲ್ ಬದಲಿಸಿಯೂ ನೋಡಿದೆ. ರಿಪೇರಿಯವರು ಬಿಚ್ಚಿ ಕೂಡ ನೋಡದೆ ‘ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ’ ಅಂದುಬಿಟ್ಟರು. ಮಗಳ ಪ್ರಾಜೆಕ್ಟ್, ಮನೆಯವರ ಫೋಟೋ ಎಲ್ಲಾ ಅದರೊಳಗೇ ಇವೆ. ಹೊಸದಕ್ಕೆ ಸದ್ಯ ದುಡ್ಡಿಲ್ಲ. ತಲೆ ಕೆಟ್ಟುಹೋಗಿದೆ.

ಗಟ್ಟಿಗ77:
ರ‍್ಯಾಮ್ ಪ್ರಾಬ್ಲೆಮ್ ಐತ್ರಿ ಇದು. ತೆಗೆದು, ಬಂಗಾರ ಬಣ್ಣದ ಹಲ್ಲಿಗೆ ಪೆನ್ಸಿಲ್ ರಬ್ಬರ್‌ಲೆ ತಿಕ್ಕಿ ಮತ್ತ ಹಾಕ್ರಿ. ಹತ್ತರಾಗ ಎಂಟು ಸಲ ಇಷ್ಟರಾಗ ಮುಗೀತದ.

ಬೆಸುಗೆಕಡ್ಡಿ:
ಯಾವ ಬೋರ್ಡು, ಯಾವ ಪ್ರೊಸೆಸರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ? ಬೀಪ್ ಬರುತ್ತಾ? ಇಷ್ಟೂ ಹೇಳದಿದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಹಳೇಪೆಟ್ಟಿಗೆ:
ಎಚ್61 ಬೋರ್ಡ್, ಐ3-2100, 4 ಜಿಬಿ ಡಿಡಿಆರ್3 ರ‍್ಯಾಮ್. ಕಾರ್ಡ್ ಇಲ್ಲ. ಬೀಪ್ ಇಲ್ಲ. ರ‍್ಯಾಮ್ ತಿಕ್ಕಿ ಹಾಕಿದೆ, ಏನೂ ಬದಲಾಗಿಲ್ಲ.

ಗಟ್ಟಿಗ77:
ಇನ್ನೊಂದ್ ಸ್ಲಾಟಿಗೆ ಹಾಕ್ರಿ. ಎರಡೂ ಕಡೆ ಕ್ಲಿಪ್ ‘ಟಕ್’ ಅನ್ನಬೇಕು. ಆಗಲಿಲ್ಲಂದ್ರ ಯಾರದಾದ್ರೂ ಬೇರೆ ಡಿಡಿಆರ್3 ತಂದು ನೋಡ್ರಿ.

ತಂಪುಗಾಳಿ:
ದಯವಿಟ್ಟು ರಬ್ಬರ್ ಹಚ್ಚಬೇಡಿ. ಅದರ ಪುಡಿ ಸ್ಲಾಟ್ ಒಳಗೆ ಕೂತುಬಿಡುತ್ತೆ, ಚಿನ್ನದ ಲೇಪನವೂ ಸವೆಯುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ.

ಗಟ್ಟಿಗ77:
ವರ್ಷಾನುಗಟ್ಟಲೆ ರಬ್ಬರ್‌ಲೆ ತಿಕ್ಕೇನ್ರಿ, ಒಂದು ರ‍್ಯಾಮೂ ಸತ್ತಿಲ್ಲ.

ತಂಪುಗಾಳಿ:
ನಿಮ್ಮದು ಸತ್ತಿಲ್ಲ ಅಂದಮಾತ್ರಕ್ಕೆ ಅದು ಸರಿಯಾದ ವಿಧಾನ ಅಂತಾಗಲ್ಲ.

ಬೆಸುಗೆಕಡ್ಡಿ:
ರಬ್ಬರ್ ಜಗಳ ಆಮೇಲೆ. ಹಳೇಪೆಟ್ಟಿಗೆ ಅವರೇ, ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿದೆಯಾ? ಅದಿಲ್ಲದಿದ್ದರೆ ಬೀಪ್ ಬರೋದೇ ಇಲ್ಲ. ಇದ್ದರೆ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೀಪ್ ಕೂಗಿದರೆ ಬೋರ್ಡೂ ಪ್ರೊಸೆಸರೂ ಜೀವಂತ ಇವೆ ಅಂತ ಲೆಕ್ಕ. ಇನ್ನೊಂದು, ಈಚೆಗೆ ಆನ್ ಮಾಡುವಾಗ ಏನಾದರೂ ತೊಂದರೆ ಇತ್ತಾ?

ಪೆಂಗ್ವಿನ್‌ಪ್ರಿಯ:
ಸೆಕೆಂಡ್ ಜನರೇಷನ್ ಐ3 ಇನ್ನೂ ಗಟ್ಟಿ ಯಂತ್ರ! ನನ್ನ ಕೋರ್ 2 ಡ್ಯುಯೊ ಇವತ್ತಿಗೂ ದಿನವಿಡೀ ಓಡುತ್ತೆ. ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ತುಂಬಿದ್ದೀನಿ. ಪಕ್ಕದಲ್ಲೇ ರೈಜೆನ್ ಇದೆ, ಎರಡು ಮಾನಿಟರ್, ಮೆಕ್ಯಾನಿಕಲ್ ಕೀಬೋರ್ಡ್. ಆದರೂ ಟೈಪಿಂಗ್‌ಗೆ ಕೂರೋದು ಹಳೇದರ ಮುಂದೆಯೇ.

ಹಳೇಪೆಟ್ಟಿಗೆ:
ಸ್ಪೀಕರ್ ಇಲ್ಲ. ತೊಂದರೆ ಅಂದ್ರೆ, ಬೆಳಿಗ್ಗೆ ಹೊತ್ತು ಒಂದೇ ಸಲಕ್ಕೆ ಆನ್ ಆಗ್ತಿರಲಿಲ್ಲ, ಬಟನ್ ಮತ್ತೆ ಮತ್ತೆ ಒತ್ತಬೇಕಿತ್ತು. ಡೇಟ್ ಪ್ರತಿ ಸಲ ಹಿಂದಕ್ಕೆ ಹೋಗ್ತಿತ್ತು. ಹಳೇ ಮಷಿನ್‌ಗೆ ಅದೆಲ್ಲಾ ಇದ್ದದ್ದೇ ಅಲ್ವಾ?

ಬೆಸುಗೆಕಡ್ಡಿ:
ಇಡೀ ಕಥೆ ಇದರಲ್ಲೇ ಇದೆ! ಡೇಟ್ ಹಿಂದಕ್ಕೆ ಹೋಗೋದು ಬೋರ್ಡಿನ ಮೇಲಿರೋ ಸಿಆರ್2032 ಬಿಲ್ಲೆ ಸೆಲ್ ಮುಗಿದದ್ದಕ್ಕೆ, ಅದು ಚಿಲ್ಲರೆ ವಿಷಯ. ತಣ್ಣಗಿದ್ದಾಗ ಸ್ಟಾರ್ಟ್ ಆಗದೆ ಸತಾಯಿಸೋದು ಎಸ್‌ಎಂಪಿಎಸ್, ಅಂದ್ರೆ ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯ ಕೆಪಾಸಿಟರ್ ಒಣಗಿದ ಲಕ್ಷಣ. ಫ್ಯಾನ್ ತಿರುಗಿದಮಾತ್ರಕ್ಕೆ ಸಪ್ಲೈ ಸರಿ ಇದೆ ಅನ್ನಬೇಡಿ, ಕಡಿಮೆ ವೋಲ್ಟೇಜಿಗೂ ಫ್ಯಾನ್ ತಿರುಗುತ್ತೆ. ಮಲ್ಟಿಮೀಟರ್ ಡಿಸಿ 20ಕ್ಕೆ ಇಡಿ. ಮಷಿನ್ ಆನ್ ಇದ್ದಾಗಲೇ ಖಾಲಿ ಇರೋ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಕಪ್ಪು ವೈರಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. 11.4ರಿಂದ 12.6ರ ಒಳಗೆ ಬರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಕಡ್ಡಿಗಳು ಒಂದಕ್ಕೊಂದು ತಾಗದಂತೆ ಹುಷಾರು.

ಗಟ್ಟಿಗ77:
ಮೊದ್ಲು ರ‍್ಯಾಮ್ ಬದ್ಲಿ ಮಾಡಿ ನೋಡ್ರಿ ಅಂತೀನಿ.

ಹಳೇಪೆಟ್ಟಿಗೆ:
ಹಳದಿಯಲ್ಲಿ 10.7, ಕೆಂಪಲ್ಲಿ 5.1. ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ನಾನೇ ಬದಲಿಸಬಹುದಾ? ಖರ್ಚು ಉಳಿಯುತ್ತೆ.

ಬೆಸುಗೆಕಡ್ಡಿ:
ಬೇಡವೇ ಬೇಡ. 230 ವೋಲ್ಟ್ ಲೈನ್ ರೆಕ್ಟಿಫೈ ಆಗಿ ಡಿಸಿ ಆದಮೇಲೆ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೂ ಇರುತ್ತೆ, ಪ್ಲಗ್ ಕಿತ್ತಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ. ಅಭ್ಯಾಸ ಇಲ್ಲದವರು ಕೈ ಹಾಕೋ ಜಾಗ ಅಲ್ಲ. ಸ್ನೇಹಿತರದ್ದೊಂದು ಎಸ್‌ಎಂಪಿಎಸ್ ತಂದು ಸಿಕ್ಕಿಸಿ. ಬೋರ್ಡಿನ 24 ಪಿನ್ ಜೊತೆಗೆ ಪ್ರೊಸೆಸರ್ ಪಕ್ಕದ 4 ಪಿನ್ನೂ ಮರೆಯದೆ ಹಾಕಿ. ಡಿಸ್‌ಪ್ಲೇ ಬಂದರೆ ಮಾತ್ರ ಹೊಸದಕ್ಕೆ ದುಡ್ಡು ಬಿಚ್ಚಿ.

ತಂಪುಗಾಳಿ:
ಡೇಟಾ ಬೇಗ ಬೇಕಿದ್ದರೆ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ-ಸಾಟಾ ಅಡಾಪ್ಟರ್ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಸೇರಿಸಿ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿಯಿಂದ ತಿರುಗಲ್ಲ. ಜೊತೆಗೆ ಪವರ್ ಬ್ರಿಕ್ ಕೊಡೋ ಅಡಾಪ್ಟರ್ ನೋಡಿ ತಗೊಳ್ಳಿ.

ಪೆಂಗ್ವಿನ್‌ಪ್ರಿಯ:
ಸರಿಹೋದಮೇಲೆ ವಿಂಡೋಸ್ 10ರಲ್ಲೇ ಇರಬೇಡಿ. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ನಿಂತಿದೆ, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಮಿಂಟ್ ಹಾಕಿ.

ತಂಪುಗಾಳಿ:
ಮಗಳ ಪ್ರಾಜೆಕ್ಟ್ ಸಾಫ್ಟ್‌ವೇರ್ ಮಿಂಟ್‌ನಲ್ಲಿ ಓಡುತ್ತಾ ಅಂತ ಕೇಳದೇನೇ ಹೇಳಿದರೆ ಹೇಗೆ? ಮೊದಲು ಪೆನ್‌ಡ್ರೈವ್‌ನಿಂದ ಲೈವ್, ಅಂದ್ರೆ ಇನ್‌ಸ್ಟಾಲ್ ಮಾಡದೇನೇ ಓಡಿಸಿ ನೋಡಲಿ.

ಹಳೇಪೆಟ್ಟಿಗೆ:
ಡಿಸ್‌ಪ್ಲೇ ಬಂತು!! ಗೆಳೆಯರ ಎಸ್‌ಎಂಪಿಎಸ್ ಹಾಕಿದ ತಕ್ಷಣ. ಎಫ್1 ಒತ್ತು ಅಂತ ನಿಂತಿತ್ತು, ಒತ್ತಿದೆ, ವಿಂಡೋಸ್ ತೆರೆದುಕೊಂಡಿತು. ಈಗ ಫೋಟೋಗಳು ಕಾಪಿ ಆಗ್ತಿವೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಷ್ಟು ವಾಟ್ಸ್‌ದು ತಗೊಳ್ಳಲಿ? 500 ಬೇಕೇ ಬೇಕು ಅಂತಾರೆ.

ಬೆಸುಗೆಕಡ್ಡಿ:
ಆ ಪ್ರೊಸೆಸರ್ 65 ವಾಟ್‌ದು, ಕಾರ್ಡೂ ಇಲ್ಲ. ನಿಜವಾದ 300 ವಾಟ್ ಧಾರಾಳ. ದೊಡ್ಡ ಅಕ್ಷರದ ವಾಟ್ ನೋಡಬೇಡಿ, ಸ್ಟಿಕ್ಕರ್‌ನಲ್ಲಿ 12ವಿ ಸಾಲಿನ ಆಂಪಿಯರ್ ನೋಡಿ. 12ವಿಗೆ 10 ಆಂಪಿಯರ್ ಅಂತ ಬರೆದು ಮೇಲೆ 500 ವಾಟ್ ಅಂತಿದ್ದರೆ ವಾಪಸ್ ಕೊಡಿ, ಆ ಸಾಲಿನಲ್ಲಿ ಸಿಗೋದು 120 ವಾಟ್ ಅಷ್ಟೇ. ಸೆಕೆಂಡ್‌ಹ್ಯಾಂಡ್ ಎಸ್‌ಎಂಪಿಎಸ್ ಬೇಡ. ಸಿಆರ್2032 ಕೂಡ ಇವತ್ತೇ ಬದಲಿಸಿ.

ಗಟ್ಟಿಗ77:
ಛಲೋ ಆತು. ಇನ್ನೊಂದು 4 ಜಿಬಿ ರ‍್ಯಾಮ್ ಹಾಕ್ಸ್ರಿ, ಹಳೇ ಡಿಡಿಆರ್3 ಸೋವಿ ಸಿಗ್ತದ.