ಸಹಾಯ ಬೇಕು: ಹೊಲಿಗೆ ಬಲ್ಲೆ, ಯೇಸುವಿನ ಬಗ್ಗೆ ಸಾಕ್ಷಿಯ ಮಾತು ಬಾರದು

ಸಹೋದರ ಸಹೋದರಿಯರಿಗೆ ಕ್ರಿಸ್ತನ ನಾಮದಲ್ಲಿ ವಂದನೆಗಳು.

ಪ್ರಸಂಗ ಮಾಡುವ ವರವಾಗಲಿ ಹಾಡುವ ಕಂಠವಾಗಲಿ ನನಗಿಲ್ಲ. ದೇವರು ನನಗೆ ಕೊಟ್ಟಿರುವುದು ಹೊಲಿಗೆಯ ಕೈ. ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ, ಯೊಪ್ಪ ಪಟ್ಟಣದ ಶಿಷ್ಯೆ ದೊರ್ಕಳು ತೀರಿಕೊಂಡಾಗ ವಿಧವೆಯರು ಆಕೆ ಮಾಡಿಕೊಟ್ಟ ಬಟ್ಟೆಗಳನ್ನು ಯೇಸುವಿನ ಅಪೊಸ್ತಲನಾದ ಪೇತ್ರನಿಗೆ ತೋರಿಸುತ್ತಾ ಅಳುವುದನ್ನು ಓದಿದಾಗಲೆಲ್ಲ, ಆಕೆಯ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ ಎಂಬುದೇ ನನಗೆ ಧೈರ್ಯ ಕೊಡುತ್ತದೆ.

ಆದರೆ ಕಳೆದ ವಾರ, ಇತ್ತೀಚೆಗೆ ಪತಿಯನ್ನು ಕಳೆದುಕೊಂಡ ನೆರೆಮನೆಯ ಅಕ್ಕನವರ ಮಗಳ ಲಂಗದ ಅಂಚನ್ನು ಮಡಿಸಿ ಹೊಲಿಯುತ್ತಿದ್ದಾಗ, "ನೀವು ಹಣವನ್ನೇಕೆ ತೆಗೆದುಕೊಳ್ಳುವುದಿಲ್ಲ?" ಎಂದು ಅವರು ಕೇಳಿದರು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ, "ಇರಲಿ ಬಿಡಿ ಅಕ್ಕ" ಎಂದಷ್ಟೇ ಹೇಳಿದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು, ಅದೂ ಸಾತ್ವಿಕತೆಯಿಂದ ಕೊಡಬೇಕೆಂದು, ಪೇತ್ರನ ಮೊದಲನೆಯ ಪತ್ರಿಕೆ (3:15) ಹೇಳುತ್ತದೆ. ದುಃಖದಲ್ಲಿರುವ ಅವರಿಗೆ ನನ್ನ ನೆರವು ಒಂದು ಷರತ್ತಿನಂತೆ ಎಂದಿಗೂ ತೋರಬಾರದು. ಈ ವಿಷಯದಲ್ಲಿ ನಾನು ರಾಜಿಯಾಗಲಾರೆ. ಹಾಗಿರುವಾಗ ಯೇಸುವಿನ ಪ್ರೀತಿಯನ್ನು ಎರಡು ಸರಳ ವಾಕ್ಯಗಳಲ್ಲಿ ಹೇಗೆ ಹೇಳಲಿ? ಕೈಕೆಲಸದ ಮೂಲಕ ಸೇವೆ ಮಾಡುತ್ತಿರುವವರು ತಾವು ಆಡಿದ ಮಾತುಗಳನ್ನೇ ದಯವಿಟ್ಟು ಬರೆದು ತಿಳಿಸಿರಿ. ಶನಿವಾರ ಅವರು ಲಂಗವನ್ನು ಒಯ್ಯಲು ಬರುತ್ತಾರೆ.