ಸಹಾಯ ಬೇಕು: ಮನೆಯಿಂದಲೇ ಅಣಕು ಜ್ಯೂರಿ ಕೆಲಸ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇನೆ, ಹೋದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ವಿಚಾರಣೆಗೆ ಮುನ್ನ ತಮ್ಮ ವಾದ ಜನಸಾಮಾನ್ಯರಿಗೆ ಎಷ್ಟು ನಾಟುತ್ತದೆಂದು ನೋಡಲು ವಕೀಲರು ಆನ್‌ಲೈನ್‌ನಲ್ಲಿ ಅಣಕು ಜ್ಯೂರಿ (ನ್ಯಾಯಾಲಯದಲ್ಲಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡದ ನಕಲು) ಕೂಡಿಸುತ್ತಾರಲ್ಲ, ಅದಕ್ಕೆ ಹೆಸರು ಕೊಟ್ಟಿದ್ದೆ. ಮೊನ್ನೆ ಮೊದಲ ಪ್ರಕರಣ ಬಂತು. ಗುಟ್ಟು ಕಾಯುವ ಕರಾರು ಇರುವುದರಿಂದ ಏನೆಂದು ಹೇಳುವಂತಿಲ್ಲ. ಓದುತ್ತಾ ಕುಳಿತವಳಿಗೆ ಕುಕ್ಕರ್ ಐದು ಸಲ ಕೂಗಿದ್ದೂ ಕೇಳಿಸಲಿಲ್ಲ ಎಂದರೆ ಸಾಕು. ಬೇಳೆ ಕರಗಿ ಗಂಜಿಯಾಯಿತು, ಕೈಗೆ ಬಂದದ್ದು 10 ಡಾಲರ್.

ಈಗ ಇನ್ನೊಂದು ಜಾಲತಾಣದವರು ನೋಂದಣಿಗೆ 25 ಡಾಲರ್ ಶುಲ್ಕ, ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೂ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳುತ್ತಿದ್ದಾರೆ. ದುಡಿಯುವವಳೇ ದುಡ್ಡು ಕಟ್ಟುವುದೆಂದರೆ ನನಗೇಕೋ ಅನುಮಾನ. ಅನುಭವವಿರುವವರು ದಯವಿಟ್ಟು ತಿಳಿಸಿ. ನಮ್ಮ ಪ್ಲೇನೋ ಇರುವ ಕಾಲಿನ್ ಕೌಂಟಿ, ಅಂದರೆ ಜಿಲ್ಲೆಯವರಿಗೆ ತಿಂಗಳಿಗೆ ಎಷ್ಟು ಪ್ರಕರಣ ಸಿಗುತ್ತವೆ? ನಿವ್ವಳ ಗಳಿಕೆ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಸ್ವಯಂ ಉದ್ಯೋಗ ತೆರಿಗೆಯೂ ಇದೆಯಲ್ಲ, ಲೆಕ್ಕವನ್ನು ಹೇಗೆ ಬರೆದಿಡುತ್ತೀರಿ?