ಕೊಡು, ನಾನು ಇಟ್ಕೊಂಡಿರ್ತೀನಿ

ಭಾನುವಾರ ದರ್ಶಿನಿ ಮುಂದೆ ಬೈಟು ಕಾಫಿ ಹಿಡಿದು ನಿಂತಿದ್ದೆವು. ಗುಂಡನ ಆರು ವರ್ಷದ ಮಗಳು ಯಾವುದೋ ಜಾಹೀರಾತಿನಲ್ಲಿ ಎರಡು ಸೆಕೆಂಡು ನಕ್ಕಿದ್ದಾಳಂತೆ, ಅದಕ್ಕೆ ಐದು ಸಾವಿರ ಬಂತಂತೆ.

"ದುಡ್ಡೆಲ್ಲಿ?" ಅಂದೆ.

"ನಾನೇ ಇಟ್ಕೊಂಡಿದೀನಿ. ಅವಳಿಗೇನು ಗೊತ್ತಾಗತ್ತೆ?"

"ಜಾಕಿ ಕೂಗನ್ ಮನೆಯಲ್ಲೂ ಇದೇ ಕತೆ."

"ಯಾರು? ಯಾಕೆ ಕೂಗಿದ?" ಅಂದ ಭಟ್ಟ.

ಚಾಪ್ಲಿನ್ನನ 'ದಿ ಕಿಡ್' ನೋಡಿದ್ದೀರಲ್ಲ, 1921ರದ್ದು. ಹುಡುಗ ಕಲ್ಲು ಹೊಡೆದು ಕಿಟಕಿ ಒಡೆಯೋದು, ಹಿಂದೆಯೇ ಚಾಪ್ಲಿನ್ ಗಾಜು ಹೊತ್ತುಕೊಂಡು ರಿಪೇರಿಗೆ ಬರೋದು. ಆ ಹುಡುಗನೇ ಇವನು. ಅಪ್ಪ ಅಮ್ಮ ಇಬ್ಬರೂ ಸ್ಟೇಜಿನ ಜನ. ಅದೇ ಸಿನಿಮಾದಲ್ಲಿ ಅಪ್ಪನಿಗೂ ಒಂದು ಚಿಕ್ಕ ಪಾತ್ರ ಇದೆ, ಜೇಬುಗಳ್ಳನದ್ದು.

"ನೋಡಿದ್ಯಾ, ಸುಳಿವು ಅಲ್ಲೇ ಕೊಟ್ಟಿದ್ದಾರೆ!" ಅಂತ ಕುಣಿದ ಗುಂಡ.

ಅಲ್ಲ ಮಾರಾಯ. ಅಪ್ಪ ನನ್ನ ದುಡ್ಡನ್ನ ಜೋಪಾನ ಮಾಡಿದ್ದಾನೆ ಅಂತಲೇ ಹುಡುಗ ನಂಬಿದ್ದ. 1935ರಲ್ಲಿ ಕಾರು ಉರುಳಿ ಅಪ್ಪ ಹೋದ, ಕಾರಲ್ಲಿದ್ದವರಲ್ಲಿ ಉಳಿದವನು ಜಾಕಿ ಒಬ್ಬನೇ. ಆಮೇಲೆ ಅಮ್ಮ, ಲೆಕ್ಕಪತ್ರ ನೋಡುತ್ತಿದ್ದ ಮ್ಯಾನೇಜರನ್ನೇ ಮದುವೆಯಾದಳು. ಹುಡುಗ ದುಡಿದದ್ದು 30-40 ಲಕ್ಷ ಡಾಲರ್ ಅಂತಾರೆ. ಅವನ ಕೈಗೆ ಬರುತ್ತಿದ್ದದ್ದು ವಾರಕ್ಕೆ 6.25 ಡಾಲರ್.

"ಆ ಕಾಲು ಡಾಲರ್ ಬೋನಸ್ಸಾ?" ಭಟ್ಟ ಕೇಳಿದ.

1938ರಲ್ಲಿ ಜಾಕಿ ಅಮ್ಮ, ಮಲತಂದೆ ಇಬ್ಬರ ಮೇಲೂ ಕೋರ್ಟಿಗೆ ಹೋದ. ಆಗ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ದುಡಿದದ್ದೆಲ್ಲ ಹೆತ್ತವರದ್ದೇ, ಕಾನೂನೇ ಹಾಗಿತ್ತು. ಕೊನೆಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್. ಊರೆಲ್ಲ ಛೀ ಥೂ ಅಂದಮೇಲೆ 1939ರಲ್ಲಿ ಅವನ ಹೆಸರಲ್ಲೇ ಕಾನೂನು ಬಂತು. ಈಗ ಅಲ್ಲಿ ಬಾಲನಟರ ಸಂಬಳದಲ್ಲಿ ಶೇ. 15 ಮಗುವಿನ ಹೆಸರಲ್ಲಿ ಬೇರೆ ಖಾತೆಗೆ ಹೋಗಲೇಬೇಕು, 18 ತುಂಬುವ ತನಕ ಅಪ್ಪನೂ ಮುಟ್ಟುವ ಹಾಗಿಲ್ಲ. ಇವನಿಗೆ ಬಂದದ್ದು ಹೆಸರು ಮಾತ್ರ!

ಆದರೆ ನನಗೆ ಜಾಸ್ತಿ ಇಷ್ಟ ಆಗೋದು ಅವನ ಎರಡನೇ ಸುತ್ತು. ಹಣೆ ತುಂಬ ಕೂದಲಿದ್ದ ಆ ಮುದ್ದು ಮುಖಕ್ಕೆ ಅಮೆರಿಕವೇ ಮರುಳಾಗಿತ್ತಲ್ಲ, ಅದೇ ಆಸಾಮಿ 1964ರಲ್ಲಿ 'ದಿ ಆ್ಯಡಮ್ಸ್ ಫ್ಯಾಮಿಲಿ' ಅನ್ನೋ ಟೀವಿ ಧಾರಾವಾಹಿಯಲ್ಲಿ ಬೋಳುಮಂಡೆಯ ಅಂಕಲ್ ಫೆಸ್ಟರ್ ಆಗಿ ಬಂದ. ಬಾಯಲ್ಲಿ ಬಲ್ಬು ಕಚ್ಚಿದರೆ ಸಾಕು, ಫಳ್ ಅಂತ ಹತ್ತಿಕೊಳ್ಳುತ್ತಿತ್ತು!

"ಕರೆಂಟ್ ಬಿಲ್ಲು ಅಮ್ಮ ಕಟ್ಟಿದಳಾ?" ಅಂದ ಗುಂಡ.

ಭಟ್ಟನ ಮುಖ ಸಣ್ಣಗಾಗಿತ್ತು. ಅಲ್ಲೇ ಫೋನ್ ತೆಗೆದು ಸ್ಪೀಕರಿಗೆ ಹಾಕಿದ. "ಅಮ್ಮಾ, ನನ್ನ ಮುಂಜಿಯಲ್ಲಿ ಬಂದ ಮುಯ್ಯಿ, 'ಕೊಡು, ನಾನು ಇಟ್ಕೊಂಡಿರ್ತೀನಿ' ಅಂದಿದ್ಯಲ್ಲ, ಅದು?"

"ಅದರಲ್ಲೇ ಅಲ್ವೇನೋ ನಿಂಗೆ ಸೈಕಲ್ಲು ತಂದಿದ್ದು?"

"ಅದು ಅಣ್ಣನ ಹಳೇ ಸೈಕಲ್ಲಮ್ಮ!"

ಫೋನ್ ಕಟ್ಟಾಯಿತು. ಇನ್ನೊಂದು ಸುತ್ತು ಕಾಫಿಯ ಟೋಕನ್‌ಗೆ ಗುಂಡ 500ರ ನೋಟು ತೆಗೆದ. ಮೂಲೆಯಲ್ಲಿ ಪಿಂಕ್ ಚಿಟ್ಟೆಯ ಸ್ಟಿಕರ್ ಅಂಟಿತ್ತು.